ಮೇಷ್ಟ್ರ ಮಂಡಿ, ಹ್ಯಾವ್‌ಲಾಕಿನ ಮರಳು

ಮೇಷ್ಟ್ರ ಮಗ ಬೆಂಗಳೂರಿನಿಂದ ಕಳಿಸಿದ ಪಟ್ಟಿಯನ್ನು ಮೇಷ್ಟ್ರು ಫೋನಿನ ಸಮೇತ ದಾಸವಾಳದ ಬೇಲಿ ದಾಟಿಸಿ ನನ್ನ ಕೈಗೆ ಕೊಟ್ಟರು. ಅಂಡಮಾನ್, ಐದು ರಾತ್ರಿ ಆರು ಹಗಲು. ಇಳಿದ ಕೂಡಲೇ ಸೆಲ್ಯುಲರ್ ಜೈಲು, ಕಾರ್ಬಿನ್ಸ್ ಕೋವ್. ಮಾರನೇ ದಿನ ರಾಸ್ ದ್ವೀಪ, ನಾರ್ತ್ ಬೇ. ಅದರ ಮಾರನೇ ದಿನ ಬಾರಾಟಾಂಗ್. ಆಮೇಲೆ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ಅಲ್ಲಿಂದ ವಾಪಸ್. ಕಾಫಿ ಕುಡಿಯುವುದಕ್ಕೂ ಎಲ್ಲೂ ಜಾಗ ಬಿಟ್ಟಿರಲಿಲ್ಲ.

"ಹೇಗಿದೆ ಮಾರಾಯ?"

"ಚೆನ್ನಾಗಿದೆ ಮೇಷ್ಟ್ರೇ. ಯಾರಿಗಿದು, ಮೊಮ್ಮಗನಿಗಾ?"

ಎಪ್ಪತ್ತು ದಾಟಿದ ಮೇಷ್ಟ್ರಿಗೆ ಎರಡೂ ಮಂಡಿ ಸವೆದಿವೆ. ಅವರ ಹೆಂಡತಿ, ನಮ್ಮ ಅತ್ತಿಗೆಗೆ ಸೊಂಟದ ಕಾಟ. ಸಮತಟ್ಟು ನೆಲದಲ್ಲಿ ನಿಧಾನಕ್ಕೆ ಗಾಂಧಿ ಪಾರ್ಕಿಗೆ ಒಂದು ಸುತ್ತು ಹಾಕಬಲ್ಲರು. ಮೆಟ್ಟಿಲು ಕಂಡರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇಂಥವರು ಸಮುದ್ರದಾಚೆಯ ದ್ವೀಪಕ್ಕೆ ಹೊರಡುತ್ತೇವೆಂದರೆ ನೆಂಟರಿಷ್ಟರೆಲ್ಲ ಹೌಹಾರುತ್ತಾರೆ. ಅದೇ, ಸಾವಿರ ಮೆಟ್ಟಿಲಿನ ಬೆಟ್ಟದ ದೇವರಿಗೆ ಹೋಗಿಬರುತ್ತೇವೆಂದರೆ "ಪುಣ್ಯವಂತರು" ಅನ್ನುತ್ತಾರೆ. ಮಂಡಿ ಗಟ್ಟಿ ಇದ್ದಾಗ ಆಫೀಸಿನಲ್ಲಿ ಕೂತು, ಮಂಡಿ ಹೋದ ಮೇಲೆ ಮೆಟ್ಟಿಲಿರುವ ದೇವರನ್ನೇ ಹುಡುಕಿಕೊಂಡು ಹೋಗುವ ಜನ ನಾವು. ನನ್ನನ್ನು ಕೇಳಿದರೆ ಕೈಲಾಗದವರಿಗೆ ಹೇಳಿ ಮಾಡಿಸಿದ ಜಾಗ ಅಂದರೆ ದ್ವೀಪವೇ. ಆದರೆ ಈ ಪಟ್ಟಿ ಹಿಡಿದುಕೊಂಡು ಹೋಗಬಾರದು.

ಅಷ್ಟರಲ್ಲಿ ನನ್ನ ಹೆಂಡತಿ ಕೋಲೂರಿಕೊಂಡು ಬೇಲಿಯ ಹತ್ತಿರ ಬಂದಳು. ಕಳೆದ ಚಳಿಗಾಲದಲ್ಲಿ ಆ ಕೋಲಿನ ಜೊತೆಗೇ ಅಂಡಮಾನ್ ನೋಡಿಬಂದವಳು ಅವಳು. ಈ ವಿಷಯದಲ್ಲಿ ನಾನು ಬಾಯಿ ಬಿಟ್ಟರೂ ತೀರ್ಪು ಅವಳದ್ದೇ.

"ಬಾರಾಟಾಂಗ್ ಮೊದಲು ಹೊಡೆದು ಹಾಕಿ" ಅಂದಳು. "ನಸುಕಿನಲ್ಲಿ ಎದ್ದು ಹೊರಟು ಜಿರ್ಕಾಟಾಂಗ್ ಗೇಟಿನಲ್ಲಿ ಸಾಲಾಗಿ ಕಾಯಬೇಕು. ಅಲ್ಲಿಂದ ಜಾರವಾ ಜನರ ಮೀಸಲು ಕಾಡಿನೊಳಗೆ ಗಾಡಿಗಳೆಲ್ಲ ಒಟ್ಟಿಗೆ ಹೋಗಬೇಕು, ನಿಲ್ಲಿಸೋ ಹಾಗಿಲ್ಲ. ಅರ್ಜೆಂಟಾದರೆ ಯಾರಿಗೆ ಹೇಳ್ತೀರಿ? ಅದಾದ ಮೇಲೆ ಹಡಗು, ಆಮೇಲೆ ಸಣ್ಣ ದೋಣಿ, ಅದೂ ಆದ ಮೇಲೆ ಸುಣ್ಣದ ಕಲ್ಲಿನ ಗುಹೆಗೆ ಒಂದು ಒಂದೂವರೆ ಕಿಲೋಮೀಟರ್ ನಡಿಗೆ."

ಅತ್ತಿಗೆ ಅರ್ಜೆಂಟಿನ ಮಾತಿಗೇ ತಲೆಯಾಡಿಸಿಬಿಟ್ಟರು. ಬಾರಾಟಾಂಗ್ ಹೋಯಿತು. ನನಗಂತೂ ಸಮಾಧಾನವೇ ಆಯಿತು. ತಮ್ಮ ಪಾಡಿಗೆ ತಾವಿರುವ ಜನರ ಕಾಡಿನ ನಡುವೆ ನಾವು ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಹೋಗುವುದು ನನಗೆ ಯಾವ ವಯಸ್ಸಿನಲ್ಲೂ ಸರಿ ಕಾಣುವುದಿಲ್ಲ.

ಮೇಷ್ಟ್ರಿಗೆ ವಿಮಾನದ್ದೇ ಚಿಂತೆ. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ ನೇರ ವಿಮಾನದಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಆದರೆ ಆ ಎರಡೂವರೆ ಗಂಟೆಗೆ ಮುಂಚೆ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ನಡೆಯುವ ನಡಿಗೆ ಇದೆಯಲ್ಲ, ಅದೇ ಒಂದು ಊರು ದಾಟಿದಷ್ಟಾಗುತ್ತದೆ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕು ಅಂತ ಹಾಕಿಸಿ, ತಪ್ಪಿದರೆ 48 ಗಂಟೆ ಮುಂಚೆಯಾದರೂ ತಿಳಿಸಿ, ನಡೆಯಲಾಗದವರಿಗೆ ಅದಕ್ಕೆ ದುಡ್ಡಿಲ್ಲ ಅಂದೆ.

"ವೀಲ್‌ಚೇರಾ? ನಾನಾ?" ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು.

"ಕೂತು ನೋಡಿ" ಅಂದಳು ನನ್ನ ಹೆಂಡತಿ. "ಅಡ್ಡಪಲ್ಲಕ್ಕಿ ಮೇಲೆ ಕೂತ ಸ್ವಾಮಿಗಳ ಹಾಗೆ ಎಲ್ಲರಿಗಿಂತ ಮೊದಲು ನಿಮ್ಮನ್ನೇ ಒಳಗೆ ಕರ್ಕೊಂಡು ಹೋಗ್ತಾರೆ. ಇವರು ನನ್ನ ಚೀಲ ಹೊತ್ತುಕೊಂಡು ಹಿಂದೆ ಓಡಿ ಬರ್ತಾ ಇದ್ದರು."

ಅತ್ತಿಗೆಗೆ ಆ ಚಿತ್ರ ಬಹಳ ಹಿಡಿಸಿದಂತೆ ಕಂಡಿತು.

ನಿಜವಾದ ಕಷ್ಟ ಇರುವುದು ಜೆಟ್ಟಿಯಲ್ಲಿ. ಸಮುದ್ರ ಎಷ್ಟೇ ದೊಡ್ಡದಿರಲಿ, ನಮ್ಮಂಥವರಿಗೆ ಅದು ಒಂದೇ ಒಂದು ಹೆಜ್ಜೆಯಷ್ಟು. ಕಟ್ಟೆಗೂ ದೋಣಿಗೂ ನಡುವಿನ ಆ ಹೆಜ್ಜೆ. ಉಬ್ಬರ ಇದ್ದರೆ ದೋಣಿ ಕಟ್ಟೆಯ ಸಮಕ್ಕೆ ಇರುತ್ತದೆ, ಇಳಿತವಾದರೆ ಕೆಳಗೆಲ್ಲೋ. ಅದರ ಮೇಲೆ ಅದು ಸುಮ್ಮನೆ ನಿಲ್ಲುವುದೂ ಇಲ್ಲ. ಪೋರ್ಟ್ ಬ್ಲೇರಿನ ಅಬರ್ಡೀನ್ ಜೆಟ್ಟಿಯಲ್ಲಿ ರಾಸ್ ದ್ವೀಪದ ದೋಣಿ ಹತ್ತುವಾಗ ಇಬ್ಬರು ಹುಡುಗರು ನನ್ನ ಹೆಂಡತಿಯ ಎರಡೂ ರಟ್ಟೆ ಹಿಡಿದುಕೊಂಡರು. ಕಾಲು ಎತ್ತಲು ಬಿಡಲಿಲ್ಲ. ದೋಣಿ ಒಮ್ಮೆ ಇಳಿಯಿತು, ಬಿಟ್ಟರು. ಇನ್ನೊಮ್ಮೆ ಮೇಲೆ ಬಂದು ಕಟ್ಟೆಯ ಸಮಕ್ಕಾದಾಗ ಒಬ್ಬ "ಆಯಿಯೇ ಮಾಜೀ" ಅಂದ, ಅಷ್ಟರಲ್ಲಿ ಅವಳು ದೋಣಿಯೊಳಗಿದ್ದಳು. ಅವಳ ಕೋಲು ಮಾತ್ರ ಇನ್ನೂ ಕಟ್ಟೆಯ ಮೇಲೆ ನನ್ನ ಕೈಯಲ್ಲಿತ್ತು.

"ದೋಣಿ ಮೇಲೆ ಬಂದಾಗ ಕಾಲಿಡಬೇಕು, ಇಳಿಯುವಾಗಲ್ಲ. ಅವಸರ ಮಾಡೋರ ಮಾತು ಕೇಳಲೇಬೇಡಿ" ಅಂತ ಅವಳು ಈಗ ಅತ್ತಿಗೆಗೆ ಪಾಠ ಮಾಡುತ್ತಿದ್ದಳು. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.

ರಾಸ್ ದ್ವೀಪ ಇರಲಿ ಅಂದೆವು. ಒಂದು ಕಾಲು ಗಂಟೆಯ ದೋಣಿ, ಒಳಗೆ ಬ್ಯಾಟರಿ ಗಾಡಿ ಇದೆ. ಬ್ರಿಟಿಷರು ಅಲ್ಲಿ ಕೂತು ಅಂಡಮಾನ್ ಆಳಿದವರು. ಈಗ ಆ ಬಂಗಲೆಗಳ ಗೋಡೆಗಳನ್ನು ಆಲದ ಜಾತಿಯ ಮರಗಳ ಬೇರು ಹಿಡಿದು ನಿಲ್ಲಿಸಿವೆ. ಜಿಂಕೆಗಳು ಕೈಯಲ್ಲಿರುವ ಬಿಸ್ಕತ್ತಿನ ಪೊಟ್ಟಣಕ್ಕೇ ಬಾಯಿ ಹಾಕುತ್ತವೆ. ನಾರ್ತ್ ಬೇ ಬೇಡ, ಅದು ನೀರಾಟದವರ ಜಾಗ. ಹವಳ, ಶಂಖ ನೋಡುವ ಆಸೆ ಇದ್ದರೆ ಊರಲ್ಲೇ ನೌಕಾಪಡೆಯವರ ಸಮುದ್ರಿಕಾ ಮ್ಯೂಸಿಯಂ ಇದೆ.

ಜೈಲಿನ ಮಾತು ಬಂದಾಗ ಮೇಷ್ಟ್ರು ಗಂಭೀರವಾದರು. ಮೂವತ್ತೈದು ವರ್ಷ ಇತಿಹಾಸ ಪಾಠ ಮಾಡಿದವರು. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದದ್ದು, ಏಳು ರೆಕ್ಕೆ ಇದ್ದದ್ದರಲ್ಲಿ ಉಳಿದಿರುವುದು ಮೂರು, ಒಟ್ಟು 693 ಕೋಣೆ ಅಂತ ಪಟಪಟನೆ ಹೇಳಿದರು. ಬೇಲಿಯ ಈಚೆ ನಿಂತ ನಾನು ಹಿಂದಿನ ಬೆಂಚಿನ ಹುಡುಗನಂತೆ ಕೇಳಿದೆ. ಸಾವರ್ಕರ್ ಇದ್ದ ಕೋಣೆ ಮೂರನೇ ಅಂತಸ್ತಿನಲ್ಲಿದೆ, ಹತ್ತಲೇಬೇಕು ಅಂತ ಅವರ ಹಟ. ನನ್ನ ಹೆಂಡತಿ ಹತ್ತಿರಲಿಲ್ಲ. ಕೆಳಗೆ ಅಂಗಳದ ಶೆಡ್ಡಿನಲ್ಲಿ ಕೈದಿಗಳು ತೆಂಗಿನೆಣ್ಣೆ ತೆಗೆಯುತ್ತಿದ್ದ ಗಾಣ ಇಟ್ಟಿದ್ದಾರೆ. ಎತ್ತು ಕಟ್ಟುವ ಜಾಗದಲ್ಲಿ ಮನುಷ್ಯನನ್ನು ಕಟ್ಟುತ್ತಿದ್ದದ್ದು. ನಾನು ಮೇಲೆ ಹೋಗಿ ಇಳಿದು ಬರುವ ತನಕ ಅವಳು ಅದರ ಮುಂದೆಯೇ ಕೂತಿದ್ದಳು. "ನೀವು ಮೇಲೆ ಏನು ನೋಡಿದ್ರೋ ಗೊತ್ತಿಲ್ಲ, ನನಗೆ ಇಷ್ಟೇ ಸಾಕಾಯ್ತು" ಅಂದಳು. ಅಲ್ಲಿ ಮೆಟ್ಟಿಲು ಹತ್ತದವರಿಗೆ ಏನೂ ತಪ್ಪಿಹೋಗುವುದಿಲ್ಲ. ಅಂದಹಾಗೆ, ಕೆಡವಿದ ರೆಕ್ಕೆಗಳ ಜಾಗದಲ್ಲಿ ಈಗ ಸರ್ಕಾರಿ ದೊಡ್ಡಾಸ್ಪತ್ರೆ ಇದೆ. ನಮ್ಮ ವಯಸ್ಸಿಗೆ ಅದೂ ನೋಡಿಟ್ಟುಕೊಳ್ಳಬೇಕಾದ ಜಾಗವೇ. ಹ್ಯಾವ್‌ಲಾಕಿನಲ್ಲಿ ಅಂಥ ದೊಡ್ಡಾಸ್ಪತ್ರೆ ಇಲ್ಲ. ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಬೇಕು.

ಉಳಿದದ್ದು ಹ್ಯಾವ್‌ಲಾಕ್. 2018ರಿಂದ ಅದು ಸ್ವರಾಜ್ ದ್ವೀಪ, ಆದರೆ ಆಟೊದವರು ಈಗಲೂ ಹ್ಯಾವ್‌ಲಾಕ್ ಅಂತಲೇ ಕೂಗುತ್ತಾರೆ. ಪೋರ್ಟ್ ಬ್ಲೇರಿನಿಂದ ಸುಮಾರು 40 ಕಿಲೋಮೀಟರ್. ಖಾಸಗಿ ಕ್ಯಾಟಮರಾನಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ. ಹೊಟ್ಟೆ ತೊಳೆಸುವವರು ಕೆಳಗಿನ ಅಂತಸ್ತಿನ ನಡುವೆ ಕೂತರೆ ಕುಲುಕಾಟ ಕಡಿಮೆ. ಡಿಸೆಂಬರಿನಿಂದ ಮಾರ್ಚಿನ ತನಕ ಸಮುದ್ರ ಸಾಮಾನ್ಯವಾಗಿ ಶಾಂತ. ಮೇ ತಿಂಗಳಿಂದ ಮಳೆ, ಆಗ ಹಡಗೇ ರದ್ದಾಗಬಹುದು. ಚಳಿಗಾಲದಲ್ಲೂ ಗಾಳಿಯ ಮನಸ್ಸು ಹೇಳಲಾಗದು. ಅದಕ್ಕೇ ಕೊನೆಯ ರಾತ್ರಿ ಪೋರ್ಟ್ ಬ್ಲೇರಿಗೆ ಬಂದು ಮಲಗಿ, ಬೆಳಿಗ್ಗೆ ವಿಮಾನ ಹತ್ತಬೇಕು.

"ರೂಮಿನ ವಿಷಯ ಹೇಳ್ರೀ" ಅಂದಳು ಹೆಂಡತಿ. ಹೇಳುವಂಥದ್ದೇ. ನಮಗೆ ಒಂದು ಕಡೆ "ಗ್ರೌಂಡ್ ಫ್ಲೋರ್" ಅಂತ ಒಪ್ಪಿಸಿ, ಕಂಬದ ಮೇಲೆ ನಿಂತ ಮರದ ಕಾಟೇಜ್ ಕೊಟ್ಟಿದ್ದರು. ಕೆಳಗೆ ಇನ್ನೊಂದು ಮನೆ ಇಲ್ಲವಲ್ಲ ಸಾರ್, ಅದಕ್ಕೇ ಗ್ರೌಂಡ್ ಫ್ಲೋರ್ ಅಂದ ಮ್ಯಾನೇಜರು. ಲೆಕ್ಕ ಸರಿಯಾಗಿಯೇ ಇತ್ತು. ಬಚ್ಚಲು ಬಯಲಿಗೆ ತೆರೆದದ್ದು, ತಲೆಯ ಮೇಲೆ ನಕ್ಷತ್ರ, ಕಾಲ ಕೆಳಗೆ ನುಣುಪು ಕಲ್ಲು. ಹೊಸದಾಗಿ ಮದುವೆಯಾದವರಿಗೆ ಬಹಳ ಚೆನ್ನ. ಮಾರನೇ ದಿನ ಜಗಳ ಮಾಡಿ ಬೇರೆ ರೂಮಿಗೆ ಹೋದೆವು. ಹಾಗಾಗಿ ಫೋಟೋ ನಂಬಬೇಡಿ, ವಿಡಿಯೊ ಕೇಳಿ. ಬಾಗಿಲಿಂದ ಹಾಸಿಗೆಗೆ, ಹಾಸಿಗೆಯಿಂದ ಕಮೋಡಿಗೆ, ರೂಮಿಂದ ಊಟದ ಜಾಗಕ್ಕೆ. ನಡುವೆ ಒಣಮರಳಿನ ದಾರಿ ಇದ್ದರೆ ಅದೂ ತಿಳಿದಿರಬೇಕು. ಒಣಮರಳಿನಲ್ಲಿ ಹತ್ತು ಹೆಜ್ಜೆ ನಡೆದರೆ ಮಂಡಿ ಮೂರು ದಿನ ಮಾತಾಡುತ್ತದೆ. ತೆರೆ ಬಂದು ಹೋದ ಹಸಿಮರಳು ಹಾಗಲ್ಲ, ಗಟ್ಟಿ.

ಇನ್ನೊಂದು. ಹ್ಯಾವ್‌ಲಾಕಿನ ಪೂರ್ವದ ಕಡೆ, ವಿಜಯನಗರ, ಗೋವಿಂದನಗರದ ಕಡೆ ಹೋಟೆಲುಗಳು ಜಾಸ್ತಿ. (ಊರುಗಳ ಹೆಸರು ಕೇಳಿದರೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದ ಹಾಗಾಗುತ್ತದೆ. ಇಟ್ಟವರು ಪೂರ್ವ ಬಂಗಾಳದಿಂದ ಬಂದು ನೆಲೆಸಿದ ನಿರಾಶ್ರಿತರು.) ಅಲ್ಲಿ ಇಳಿತದ ಹೊತ್ತಿಗೆ ಸಮುದ್ರ ಎಲ್ಲೋ ದೂರ ಹೋಗಿ ಬರೀ ಕಲ್ಲು ಕಾಣುತ್ತದೆ. ಕಾಲು ತೋಯಿಸಬೇಕಾದರೆ ಪಶ್ಚಿಮಕ್ಕೆ, ರಾಧಾನಗರಕ್ಕೆ ಹೋಗಬೇಕು. ನಾವು ಹೋಟೆಲಿನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಆಟೊದೊಳಗೆ ತುರುಕಿಕೊಂಡು ಹೋದೆವು. ದಡದುದ್ದಕ್ಕೂ ಸಮುದ್ರ ಮಹುವಾ ಅನ್ನುವ ಎತ್ತರದ ಮರಗಳ ನೆರಳು. ಕುರ್ಚಿಯನ್ನು ಹಸಿಮರಳಿಗೆ ಎಳೆದು ಕೂತರೆ ನೀರೇ ಪಾದಕ್ಕೆ ಬಂದು ಹೋಗುತ್ತದೆ. ತೆರೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಕುರ್ಚಿಯ ಹಿಂದಿನ ಕಾಲೂ ಮೆಲ್ಲಗೆ ಹೂತುಕೊಳ್ಳುತ್ತದೆ. ಎದ್ದು ನಿಂತವರಿಗೆ ತಲೆ ಸುತ್ತಿದ ಹಾಗಾಗುವುದು ಆಗಲೇ. ಕೂತೇ ಇರುವುದು ಉತ್ತಮ. ಮೊಸಳೆಯ ಬಗ್ಗೆ ಬೋರ್ಡ್ ಹಾಕಿದ ಕಡೆ ಮಾತ್ರ ಕೂರಬಾರದು, ಅಲ್ಲಿ ಉಪ್ಪುನೀರಿನ ಮೊಸಳೆಗಳು ನಿಜಕ್ಕೂ ಇವೆ.

ಮತ್ತೆ ಅಲ್ಲಿ ಕತ್ತಲು ಬೇಗ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಮುಳುಗುತ್ತಾನೆ, ನಮ್ಮೂರಿಗಿಂತ ಹತ್ತಿರ ಹತ್ತಿರ ಒಂದು ಗಂಟೆ ಮುಂಚೆ. ಪ್ರಾಯದವರು ಪರದಾಡುತ್ತಾರೆ. ಏಳಕ್ಕೆ ಊಟ, ಎಂಟಕ್ಕೆ ನಿದ್ದೆ, ನಾಲ್ಕಕ್ಕೆ ಎಚ್ಚರ ಅನ್ನುವ ನಮ್ಮಂಥವರಿಗೆ ಇಡೀ ದೇಶದಲ್ಲಿ ಸರಿಯಾಗಿ ಹೊಂದುವ ಊರು ಅದೊಂದೇ ಇರಬೇಕು.

"ಆ ಬೀಚಿಗೆ ಬ್ಲೂ ಫ್ಲ್ಯಾಗ್ ಅಂತ ಮಾನ್ಯತೆ ಬಂದಿದೆ, 2020ರಲ್ಲಿ" ಅಂದೆ. "ನಡೆಯಲಾಗದವರಿಗೆ ಅನುಕೂಲ ಮಾಡಿರಬೇಕು ಅನ್ನೋದೂ ಅದರ ಷರತ್ತುಗಳಲ್ಲಿದೆ. ಅದೇ ಸಲ ನಮ್ಮ ಕಾಸರಕೋಡಿಗೂ ಪಡುಬಿದ್ರಿಗೂ ಬಂತು."

ಹೇಳಬಾರದಿತ್ತು. ಮೇಷ್ಟ್ರು ಅದನ್ನೇ ಹಿಡಿದುಕೊಂಡರು. "ಹಾಗಾದ್ರೆ ಪಡುಬಿದ್ರಿಗೇ ಹೋದ್ರಾಯ್ತಲ್ಲ ಮಾರಾಯ! ಆಗುಂಬೆ ಘಾಟಿ ಇಳಿದರೆ ಸಮುದ್ರ. ಅದಕ್ಕೆ ಇಷ್ಟು ದೂರ, ಇಷ್ಟು ದುಡ್ಡು ಯಾಕೆ?"

ನನಗೆ ಉತ್ತರ ಹೊಳೆಯಲಿಲ್ಲ. ಅತ್ತಿಗೆಗೆ ಹೊಳೆಯಿತು. "ಪಡುಬಿದ್ರಿಗೆ ಹೋಗಿ ಸುಮ್ಮನೆ ಕೂರೋಕೆ ಯಾರು ಬಿಡ್ತಾರೆ? ಉಡುಪೀಲಿ ನಿಮ್ಮ ತಂಗಿ ಮನೆ. ಅಲ್ಲಿಗೆ ಹೋಗಿ ಮಠಕ್ಕೆ ಹೋಗದಿದ್ರೆ ಆಗಲ್ಲ. ಮಠಕ್ಕೆ ಹೋದೋರು ಕಟೀಲಿಗೆ ಯಾಕೆ ಬರಲಿಲ್ಲ ಅಂತಾರೆ. ಕೊಲ್ಲೂರು ಹರಕೆ ಬೇರೆ ಬಾಕಿ. ದ್ವೀಪದಲ್ಲಾದ್ರೆ ಸಂಜೆ ಹಡಗು ಹೋದ ಮೇಲೆ ಯಾರು ಕರೆದರೂ ಬರೋಕಾಗಲ್ಲ."

ನಲವತ್ತೈದು ವರ್ಷ ಬಂದವರಿಗೆಲ್ಲ ಕಾಫಿ ಕೊಟ್ಟ ಹೆಂಗಸು ಆಡಿದ ಮಾತದು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಲಕ್ಷದ್ವೀಪ ಆಗಬಹುದೇ ಅಂತ ಮೆಲ್ಲಗೆ ಕೇಳಿದರು. ಪರ್ಮಿಟ್ ಬೇಕು, ಮತ್ತೆ ಎಷ್ಟೋ ಕಡೆ ಹಡಗು ದೂರದಲ್ಲೇ ನಿಂತು ನಡುಸಮುದ್ರದಲ್ಲಿ ಸಣ್ಣ ದೋಣಿಗೆ ಇಳಿಯಬೇಕು ಅಂದಾಗ ಅದನ್ನೂ ಬಿಟ್ಟರು.

ನೀಲ್ ದ್ವೀಪ ನಾನೇ ತೆಗೆಸಿದೆ. ಅಲ್ಲಿನ ಕಲ್ಲಿನ ಸೇತುವೆ ನೋಡಲು ಇಳಿತದ ಹೊತ್ತಿಗೆ ಪಾಚಿಗಟ್ಟಿದ ಬಂಡೆಗಳ ಮೇಲೆ ನಡೆಯಬೇಕು. ಒಬ್ಬರು ಜಾರಿದರೆ ಇಬ್ಬರ ರಜೆಯೂ ಮುಗಿಯಿತು. ಆ ದಿನವನ್ನೂ ಹ್ಯಾವ್‌ಲಾಕಿಗೇ ಸೇರಿಸಿದೆವು.

"ಒಂದೇ ಊರಲ್ಲಿ ಅಷ್ಟು ದಿನ ಏನು ಮಾಡೋದು?" ಮೇಷ್ಟ್ರದ್ದು ಕೊನೆಯ ತಕರಾರು.

"ರಾಧಾನಗರದ ದಾರಿಯಲ್ಲಿ ಅಡಿಕೆ ತೋಟಗಳಿವೆ ಮೇಷ್ಟ್ರೇ" ಅಂದೆ.

ತೀರ್ಥಹಳ್ಳಿಯ ಹತ್ತಿರ ಎರಡೆಕರೆ ತೋಟ ಇಟ್ಟುಕೊಂಡವರ ಮುಖ ಬೇರೆಯೇ ಆಯಿತು. "ಅಡಿಕೆಯಾ? ಹೌದು ಹೌದು, ಸಮೃದ್ಧಿ ತಳಿಯ ಮೂಲ ಅಂಡಮಾನೇ ಅಲ್ವಾ! ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಅಂತಾರೆ. ಕೊಳೆ ಬರಲ್ವಾ? ಬೋರ್ಡೋ ಹೊಡೀತಾರಾ? ಗೊನೆ ಇಳಿಸೋಕೆ ಆಳು ಸಿಗ್ತಾರಾ ಅಲ್ಲಿ?"

ನನಗೆ ಒಂದೂ ಗೊತ್ತಿರಲಿಲ್ಲ. ನಾವು ಆಟೊದಲ್ಲಿ ಕುರ್ಚಿ ಹಿಡಿದುಕೊಳ್ಳುವುದರಲ್ಲೇ ಇದ್ದೆವು.

"ಏನು ನೋಡ್ಕೊಂಡು ಬಂದ್ಯೋ ಮಾರಾಯ" ಅಂತ ಮೇಷ್ಟ್ರು ಬೈದು, ಮಗನಿಗೆ ಫೋನ್ ಹಚ್ಚಿದರು. ಅತ್ತಿಗೆ ನನ್ನ ಹೆಂಡತಿಯ ಕಡೆ ತಿರುಗಿ, "ನೋಡ್ತಾ ಇರಿ, ನನ್ನನ್ನು ಮರಳಲ್ಲಿ ಕೂರಿಸಿ ಇವರು ಯಾರದ್ದೋ ತೋಟದ ಬೇಲಿ ಹತ್ರ ಸಿಪ್ಪೆಗೋಟಿನ ರೇಟು ಕೇಳ್ತಾ ನಿಂತಿರ್ತಾರೆ" ಅಂದರು. "ನಿಂತಿರಲಿ. ಅಲ್ಲಿವರೆಗೆ ನಾನು ಎದ್ದೇಳಬೇಕಾಗಿಲ್ಲವಲ್ಲ."