ಜುಲೈ ಮೂವತ್ತೊಂದರ ಮಹಾತ್ಮೆ

ಪರಶುರಾಂಪುರದಲ್ಲಿ ಜುಲೈ 31 ಎಂದರೆ ಒಂದು ಸಣ್ಣ ಜಾತ್ರೆ. ತೇರಿಲ್ಲ, ಬಾವುಟದ ಹರಾಜಿಲ್ಲ. ಸೈಬರ್ ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ ಅಷ್ಟೆ. ಒಂದು ಸಾಲಿನಲ್ಲಿ ಮುಂಗಾರು ಬೆಳೆ ವಿಮೆ ಕಟ್ಟಲು ಬಂದ ಶೇಂಗಾ ರೈತರು, ಇನ್ನೊಂದರಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಬಂದ ನನ್ನಂಥ ಮೇಷ್ಟ್ರುಗಳು. ಇಬ್ಬರಿಗೂ ಸಾಮಾನ್ಯವಾಗಿ ಅದೇ ಕೊನೆಯ ದಿನ.

ನನ್ನ ಪಕ್ಕದ ರೈತನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಪಹಣಿ, ಆಧಾರ್, ಪಾಸ್‌ಬುಕ್ ಒಂದರ ಮೇಲೊಂದು. ಕಂತು ಶೇ. 2 ಎಂದು ಬಾಯಲ್ಲೇ ಲೆಕ್ಕ ಹಾಕಿದ. ಹತ್ತು ನಿಮಿಷದಲ್ಲಿ ರಸೀದಿ ಮಡಚಿ ಅದೇ ಚೀಲಕ್ಕೆ ಸೇರಿಸಿದ.

ಈಗ ನನ್ನ ಸರದಿ. "ಪರೀಕ್ಷೆ ಹಿಂದಿನ ರಾತ್ರಿ ಓದಬೇಡ್ರೋ" ಎಂದು ಮಕ್ಕಳಿಗೆ ಇಪ್ಪತ್ತೆರಡು ವರ್ಷ ಬೋಧಿಸಿದವನು ನಾನು. ಫಾರಂ 16 ಜೂನ್ 15ರೊಳಗೆ ಬರಬೇಕು, ಬಂದೂ ಇತ್ತು. ಅದನ್ನು ಜೋಪಾನವಾಗಿ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಜೋಪಾನವಾಗಿ ಇಟ್ಟ ವಸ್ತು ಮತ್ತೆ ಸಿಕ್ಕ ಚರಿತ್ರೆಯಿಲ್ಲ. ಎಲ್‌ಐಸಿ ರಸೀದಿ ಹಳೇ ಪಂಚಾಂಗದೊಳಗೆ, ಮಗಳ ಫೀಸಿನ ಚೀಟಿ ಮಂಡಕ್ಕಿ ಡಬ್ಬದ ತಳದಲ್ಲಿ, ಪೋರ್ಟಲ್ಲಿನ ಪಾಸ್‌ವರ್ಡ್ ಯಾರದೋ ಲಗ್ನಪತ್ರಿಕೆಯ ಬೆನ್ನ ಮೇಲೆ. ಆ ಮದುವೆಯ ಕೂಸು ಈಗ ಅಂಗನವಾಡಿಗೆ ಹೋಗುತ್ತಿದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಬೆಂಗಳೂರಿನ ಮಗನ ಹತ್ತಿರ. ಒಟಿಪಿ ಅವನಿಗೆ ಹೋಗುತ್ತದೆ, ಅವನು ಮೀಟಿಂಗಿಗೆ ಹೋಗುತ್ತಾನೆ.

"ಬಾಡಿಗೆ ರಸೀದಿ ಇದಾವಾ ಸಾರ್?" ಎಂದ ಅಂಗಡಿ ಹುಡುಗ.

"ಇರಪ್ಪ, ಬರ್ಕೊಡ್ತೀನಿ" ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ. ಹನ್ನೆರಡು ತಿಂಗಳು, ಒಂದೇ ಪೆನ್ನು. ಏಪ್ರಿಲ್ ಸಹಿಯ ಶಾಯಿ ಆರುವ ಮೊದಲೇ ಮಾರ್ಚ್ ಮುಗಿಯಿತು. ಹುಡುಗ ತಲೆಯೆತ್ತದೆ ಹೇಳಿದ: "ನಿಮ್ದು ಹೊಸ ಪದ್ಧತಿ ಸಾರ್. ಇವ್ಯಾವೂ ಬೇಕಾಗಲ್ಲ."

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ "ಮಾಡಿದಷ್ಟು ನೀಡು ಭಿಕ್ಷೆ" ಎಂದ ಸೀಮೆ ನಮ್ಮದು. ನೌಕರರು ಮಾತ್ರ ಅದನ್ನು ತಡ ಮಾಡಿದಷ್ಟು ವಿಸ್ತರಣೆ ಎಂದು ತಿದ್ದಿಕೊಂಡಿದ್ದೇವೆ. ಸರ್ಕಾರವೂ ಭಕ್ತರ ಕೈ ಬಿಡುವುದಿಲ್ಲ. 2025ರಲ್ಲಿ ಜುಲೈ 31 ಹೋಗಿ ಸೆಪ್ಟೆಂಬರ್ 15 ಬಂತು. ಆ ರಾತ್ರಿಯೂ ನಾವು ಮುಗಿಸಿರಲಿಲ್ಲವೆಂದು ತಿಳಿದು ಇನ್ನೊಂದೇ ಒಂದು ದಿನ ಕೊಟ್ಟರು. ಒಂದೂವರೆ ತಿಂಗಳಲ್ಲಿ ಸಿಗದ ಲಗ್ನಪತ್ರಿಕೆ ಒಂದು ದಿನದಲ್ಲಿ ಸಿಗುತ್ತದೆಂಬ ಆ ನಂಬಿಕೆಗೆ ದೊಡ್ಡ ನಮಸ್ಕಾರ.

ಅದೂ ತಪ್ಪಿದರೆ 5,000 ರೂಪಾಯಿ ಕಾಣಿಕೆ. ಆದಾಯ 5 ಲಕ್ಷ ಮೀರದವರಿಗೆ 1,000. ತೆರಿಗೆ ಬಾಕಿಯಿದ್ದು ನಾವು ತಡ ಮಾಡಿದರೆ ತಿಂಗಳಿಗೆ ಶೇ. 1 ಬಡ್ಡಿ. ನಮ್ಮ ರೀಫಂಡ್ ಕೊಡಲು ಅವರು ತಡ ಮಾಡಿದರೆ ಶೇ. 0.5. ತಡ ಒಂದೇ, ತಕ್ಕಡಿ ಬೇರೆ. ಶೇಂಗಾ ಮಂಡಿಯಲ್ಲಿ ಈ ತೂಕ ಕಂಡಿದ್ದರೆ ಗಲಾಟೆಯೇ ಆಗುತ್ತಿತ್ತು.

ಅಂತೂ ಸಂಜೆಗೆ ರಿಟರ್ನ್ ಹೋಯಿತು. ಗೆದ್ದೆನೆಂದು ಎದ್ದರೆ ಹುಡುಗ ಮತ್ತೆ ಕರೆದ: "30 ದಿನದೊಳಗೆ ಇ-ವೆರಿಫೈ ಮಾಡ್ಬೇಕು ಸಾರ್. ಇಲ್ಲಾಂದ್ರೆ ಕಳಿಸಿದ್ದು ಲೆಕ್ಕಕ್ಕಿಲ್ಲ." ಅದಕ್ಕೆ ಒಟಿಪಿ ಬೇಕು. ಒಟಿಪಿ ಬೆಂಗಳೂರಿನಲ್ಲಿದೆ.

ಹೊರಗೆ ಆ ರೈತ ಟೀ ಕುಡಿಯುತ್ತಿದ್ದ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೂ ಕಾಗದ ನೆಟ್ಟಗಿಟ್ಟುಕೊಂಡವನು ಅವನೇ. "ಅದೆಂಗಪ್ಪ ಇಷ್ಟು ಬೇಗ ಮುಗೀತು?" ಎಂದೆ.

"ಎಲ್ಲಾ ಒಂದೇ ಚೀಲದಾಗೆ ಹಾಕಿ ಮೊಳೆಗೆ ತಗಲಾಕಿರ್ತೀನಿ ಮೇಷ್ಟ್ರೆ. ಪುಷ್ಯ ಮಳೆ ನಮಗೋಸ್ಕರ ಒಂದಿನ ಮುಂದಕ್ಕೋಗುತ್ತಾ?"

ನಾಚಿಕೆಯಾಯಿತು. ಅದೇ ಸಂಜೆ ನಾನೂ ಒಂದು ಚೀಲ ಕೊಂಡುಕೊಂಡೆ. ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.