ಗುಜರಿಮೀಮಾಂಸೆ: ಗುಂಡ್ಯ ಸೀಮೆಗೆ ಸಲ್ಲುವ ರೆಡ್ ಸ್ಪೆಷಲ್

ರಾಕ್ ಸಂಗೀತದ ಪ್ರಖ್ಯಾತ ಗಿಟಾರುಗಳು ಜನ್ಮಭೇದದಿಂದ ಎರಡು ವರ್ಗಕ್ಕೆ ಸೇರುತ್ತವೆ: ಅಂಗಡಿಯಿಂದ ಬಂದವು ಮತ್ತು ಅಟ್ಟದಿಂದ ಇಳಿದವು. ಎರಡನೆಯ ವರ್ಗದ ಶಿರೋಮಣಿ ಕ್ವೀನ್ ತಂಡದ ಬ್ರಯಾನ್ ಮೇ ನುಡಿಸುವ ರೆಡ್ ಸ್ಪೆಷಲ್. ಫೆಂಡರ್ ಗಿಟಾರು ಕೊಳ್ಳಲು ಹಣ ಸಾಲದೆ, ಎಲೆಕ್ಟ್ರಾನಿಕ್ಸ್ ಎಂಜಿನಿಯರಾಗಿದ್ದ ತಂದೆಯ ಜತೆಗೂಡಿ ಅವರು 1963ರಲ್ಲಿ ಇದನ್ನು ಮನೆಯಲ್ಲೇ ಕಟ್ಟತೊಡಗಿ ಎರಡು ವರ್ಷದೊಳಗೆ ಮುಗಿಸಿದರೆಂಬುದೂ, ನಡುವೆ ಕೈಬಿಟ್ಟಿದ್ದ ಖಗೋಳಭೌತದ ಪಿಎಚ್.ಡಿ.ಯನ್ನು 2007ರಲ್ಲಷ್ಟೇ ಪೂರೈಸಿದರೆಂಬುದೂ ಸುವಿದಿತವಾಗಿದ್ದು, ಉಳಿ ಹಿಡಿಯುವುದಕ್ಕಿಂತ ಪ್ರಬಂಧ ಬರೆಯುವುದೇ ನಿಧಾನದ ಕೆಲಸವೆಂಬುದಕ್ಕೆ ಸಂಶೋಧನ ವಿದ್ಯಾರ್ಥಿಗಳು ಇದನ್ನು ಧಾರಾಳವಾಗಿ ಆಧಾರವಾಗಿ ಕೊಡಬಹುದು.

ಈ ವಾದ್ಯದ ಕತ್ತು ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಹಲಗೆ. ಅದರಲ್ಲಿದ್ದ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಯಿಂದ ಮುಚ್ಚಲಾಯಿತು. ಒಡಲಿಗೆ ಹಳೆಯ ಮೇಜಿನ ಓಕ್ ಒದಗಿತು. ಸ್ವರವನ್ನು ನಡುಗಿಸುವ ಟ್ರೆಮೊಲೊ ಎಂಬ ಸಾಧನಕ್ಕೆ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳೂ, ಅದರ ಹಿಡಿಯ ತುದಿಗೆ ತಾಯಿಯ ಉಣ್ಣೆ ಹೆಣೆಯುವ ಕಡ್ಡಿಯ ತುಂಡೂ, ಬೆರಳಪಟ್ಟಿಯ ಚುಕ್ಕಿಗಳಿಗೆ ಅವರ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳೂ ಬಂದವು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಪಿಕಪ್‌ಗಳನ್ನು ಮಾತ್ರ ಕೊನೆಗೆ ಬರ್ನ್ಸ್ ಕಂಪೆನಿಯಿಂದ ಕೊಳ್ಳಬೇಕಾಯಿತು.

ಇಂಥದರ ಪ್ರತಿಕೃತಿಯನ್ನು ಗುಂಡ್ಯದಲ್ಲಿ ಕಟ್ಟುವುದಾದರೆ ಅದು ಹೇಗಿರಬೇಕು? ಅದೇ ಮಹಾಗನಿ, ಅದೇ ಪ್ಯಾಂಥರ್ ಸ್ಪ್ರಿಂಗುಗಳನ್ನು ವಿಲಾಯತಿಯಿಂದ ತರಿಸಬೇಕೆಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಮೂಲದ ಸ್ವರೂಪಲಕ್ಷಣ ಮಹಾಗನಿಯಲ್ಲ, ಕಾಸಿಲ್ಲದಿರುವಿಕೆ. ಆದಕಾರಣ ದುಡ್ಡು ಸುರಿದು ಮಾಡಿಸಿದ ಪ್ರತಿಕೃತಿಯು ಆಡಿದ ಮಾತು ತನ್ನನ್ನೇ ಹೊಡೆದುಹಾಕುವ ವದತೋವ್ಯಾಘಾತವೆಂಬ ದೋಷಕ್ಕೆ ಗುರಿಯಾಗುತ್ತದೆ. ಯಾಗಕ್ಕೆ ಸೋಮಲತೆ ಸಿಗದಿದ್ದರೆ ಬದಲಿಗೆ ಪೂತೀಕವನ್ನು ಹಿಂಡಬಹುದೆಂದು ಮೀಮಾಂಸಕರು ಒಪ್ಪಿರುವ ಪ್ರತಿನಿಧಿದ್ರವ್ಯದ ನ್ಯಾಯವೇ ಇಲ್ಲಿಯೂ ಸಿದ್ಧಾಂತ: ಗುಂಡ್ಯದಲ್ಲಿ ಕಟ್ಟುವ ರೆಡ್ ಸ್ಪೆಷಲ್ ಗುಂಡ್ಯದ ಗುಜರಿಯಿಂದಲೇ ಆಗತಕ್ಕದ್ದು.

ಶಿರಾಡಿ ಘಾಟಿಯ ಬುಡದಲ್ಲಿ, ಸುಬ್ರಹ್ಮಣ್ಯದ ದಾರಿ ಹೆದ್ದಾರಿಯಿಂದ ಕವಲೊಡೆಯುವ ಈ ಊರಿನಲ್ಲಿ ಅಗ್ಗಿಷ್ಟಿಕೆಯಿಲ್ಲ, ಬಚ್ಚಲೊಲೆಯಿದೆ. ಅದಕ್ಕೆ ಮರದ ಚೌಕಟ್ಟು ಇಡುವ ದಡ್ಡತನ ಯಾರೂ ಮಾಡಿಲ್ಲ. ಆದ್ದರಿಂದ ಕತ್ತಿಗೆ ಕೆಡವಿದ ಹಳೆಮನೆಯ ಹೆಬ್ಬಲಸಿನ ದಾರಂದವೂ, ಒಡಲಿಗೆ ವೀಣೆಗೂ ಮದ್ದಳೆಗೂ ಮೊದಲಿನಿಂದ ಸಲ್ಲುತ್ತ ಬಂದಿರುವ ಹಲಸೂ ವಿಹಿತ. ಬೀಟೆಯ ಮಾತು ಬೇರೆ. ಪಶ್ಚಿಮಘಟ್ಟದ ಈ ಮರ ಜಗತ್ತಿನ ಹೆಸರಾಂತ ಗಿಟಾರುಗಳ ಬೆರಳಪಟ್ಟಿಯಾಗಿ ಕಡಲು ದಾಟುತ್ತದೆ, 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪೆನಿಯಿಂದ ವಶಪಡಿಸಿಕೊಂಡ ಮಾಲಿನಲ್ಲೂ ಭಾರತದ ಬೀಟೆಯಿತ್ತು. ಆದರೆ ಅದು ಬೆಳೆಯುವ ಕಾಡಿನಂಚಿನ ಮನೆಯವರು ಅದಕ್ಕೆ ಕೊಡಲಿ ತಾಗಿಸಿದರೆ ಅರಣ್ಯ ಇಲಾಖೆಯೇ ಮೊದಲ ಶ್ರೋತೃವಾಗಿ ಬರುತ್ತದೆ. ಪುಣ್ಯಕ್ಕೆ ಮೂಲದ ಬೆರಳಪಟ್ಟಿಯೇ ಕಪ್ಪು ಬಳಿದ ಓಕ್. ಬಣ್ಣ ಬಳಿದ ಹಲಸಿನಿಂದ ಶಾಸ್ತ್ರಭಂಗವಾಗದು. ಉಣ್ಣೆ ಹೆಣೆಯುವಷ್ಟು ಚಳಿ ಇಲ್ಲಿಲ್ಲದ್ದರಿಂದ ಆ ಕಡ್ಡಿಯ ಸ್ಥಾನಕ್ಕೆ ಮುರಿದ ಕೊಡೆಯ ಹಿಡಿಯನ್ನು ಆವಾಹಿಸಬೇಕು. ಸ್ಪ್ರಿಂಗಿನ ವಿಷಯದಲ್ಲಿ ಎಚ್ಚರ ಬೇಕು: ಆರು ತಂತಿಗಳ ಒಟ್ಟು ಎಳೆತ 35 ಕಿಲೋದ ಆಸುಪಾಸಾದ್ದರಿಂದ, ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಸ್ಪ್ರಿಂಗು ತೊಡಿಸಿದರೆ ಟ್ರೆಮೊಲೊ ಅಲುಗದೆ ನುಡಿಸುವವನೇ ನಡುಗಬೇಕಾದೀತು.

ಮೆಟ್ಟಿಲುಗಳು, ಅಂದರೆ ಸ್ವರಸ್ಥಾನ ತೋರುವ ಲೋಹದ ಅಡ್ಡಪಟ್ಟಿಗಳು, 24. ಸರಸ್ವತೀ ವೀಣೆಗೂ ಅಷ್ಟೇ ಇರುವುದರಿಂದ ರೆಡ್ ಸ್ಪೆಷಲ್ ನಮ್ಮದೇ ಎಂದು ಸಾಧಿಸುವ ವಿದ್ವಾಂಸರು ಇಂದಲ್ಲ ನಾಳೆ ಹುಟ್ಟಿಯೇ ಹುಟ್ಟುತ್ತಾರೆ. ಅವರಿಗೆ ಮುಂಚಿತವಾಗಿ ನಮಸ್ಕಾರ. ತಂತಿಯ ಮಿಡಿಯುವ ಉದ್ದ 24 ಇಂಚು, ಸುಮಾರು 610 ಮಿಲಿಮೀಟರ್. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ಸ್ಥಾನ ದೊರೆಯುತ್ತದೆ: ಮೊದಲನೆಯದು 34.2 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ. ಕೊನೆಯೆರಡು ಮೆಟ್ಟಿಲುಗಳ ನಡುವಿನ ಅಂತರ 9 ಮಿಲಿಮೀಟರ್ ಮಾತ್ರ. ಊರಿನ ಆಚಾರಿಯ ಅತಿಸೂಕ್ಷ್ಮ ಮಾನವಾದ ನೂಲು ಇಂಚಿನ ಎಂಟನೆಯ ಒಂದು ಪಾಲಾದ್ದರಿಂದ, ದಾರಂದಕ್ಕೆ ಕ್ಷಮ್ಯವಾದ ಒಂದು ನೂಲಿನ ವ್ಯತ್ಯಾಸ ಇಲ್ಲಿ ಅರ್ಧಸ್ವರದ ಮೂರನೆಯ ಒಂದು ಪಾಲನ್ನು ನುಂಗುತ್ತದೆ. ಆಟಿ ತಿಂಗಳ ಮಳೆಗೆ ಹಲಗೆ ಉಬ್ಬುವುದನ್ನು ಇದಕ್ಕೆ ಸೇರಿಸಿದರೆ, ದೀಪಾವಳಿ ಕಳೆಯದೆ ಅಳತೆಗೋಲು ಮುಟ್ಟಬಾರದೆಂಬ ನಿಷೇಧ ತಾನಾಗಿ ಸಿದ್ಧಿಸುತ್ತದೆ.

ಉಳಿದ ಆಕ್ಷೇಪ ಒಂದೇ: ಮಳೆಗಾಲದಲ್ಲಿ ಕರೆಂಟು ಹೋದರೆ ವಿದ್ಯುತ್ ಗಿಟಾರು ಮೂಕವಾಗುವುದಲ್ಲವೇ? ಇದಕ್ಕೂ ಕ್ವೀನ್ ಸಂಪ್ರದಾಯದಲ್ಲೇ ಪರಿಹಾರವಿದೆ. ತಂಡದ ಬಾಸ್ ವಾದಕ ಜಾನ್ ಡೀಕನ್ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಹಲಗೆಯಿಂದ ಕಟ್ಟಿದ, 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರನ್ನು ಮೇ ಧ್ವನಿಮುದ್ರಣಗಳಲ್ಲಿ ಬಳಸಿದ್ದಾರೆ. ಈ ನಿದರ್ಶನದ ಮೇರೆಗೆ ಮನೆಯ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಪ್ರತಿನಿಧಿದ್ರವ್ಯವಾಗಲು ಸರ್ವಥಾ ಯೋಗ್ಯ. ಮಂಗಳೂರು ಆಕಾಶವಾಣಿಯ ವಾರ್ತೆ ಮುಗಿದು ಅಜ್ಜನವರು ಮಲಗಿದ ಮೇಲೆ ಅದರ ತಿರುಪುಗಳನ್ನು ಬಿಚ್ಚತಕ್ಕದ್ದು, ಬೆಳಗಿನ ವಾರ್ತೆಯೊಳಗೆ ಮರಳಿ ಕೂಡಿಸತಕ್ಕದ್ದು.