ತೂತು ಬಿದ್ದ ಕ್ಷೇಮಸಮಾಚಾರ

ಡಲ್ಲಾಸಿನಲ್ಲಿರುವ ನಮ್ಮ ಅಣ್ಣನ ಮಗ ಇವತ್ತು ಬೆಳಗ್ಗೆ ಏನು ತಿಂದ ಅಂತ ನನಗೆ ಗೊತ್ತು. ತಿನ್ನುವ ಮುಂಚೆ ಅದು ಹೇಗಿತ್ತು ಅಂತಲೂ ಗೊತ್ತು, ಫೋಟೋ ಹಾಕಿದ್ದ. ಅವನ ಕೈಗಡಿಯಾರ ಎಷ್ಟು ಹೆಜ್ಜೆ ಎಣಿಸಿತು, ಅವನ ನಾಯಿಗೆ ಯಾವ ಬಣ್ಣದ ಸ್ವೆಟರ್ ಹಾಕಿದರು, ಎಲ್ಲವೂ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ನಾವು ಹೆಬ್ಬೆರಳು ಎತ್ತುತ್ತೇವೆ. ಅವನೂ ಎತ್ತುತ್ತಾನೆ. ಅಲ್ಲಿಗೆ ಆ ದಿನದ ಬಾಂಧವ್ಯ ಮುಗಿಯಿತು.

ಇಷ್ಟು ಓದಿ "ಆ ಕಾಗದದ ಕಾಲವೇ ಕಾಲ" ಅಂತ ನಿಟ್ಟುಸಿರು ಬಿಡುವವರಿದ್ದರೆ ಬಿಡಿ, ನಾನಂತೂ ಬಿಡುವುದಿಲ್ಲ. ಯಾಕೆಂದರೆ ಆ ಕಾಲದ ಕಾಗದಗಳನ್ನು ಈಗಷ್ಟೇ ಓದಿ ಮುಗಿಸಿದ್ದೇನೆ. ಅವುಗಳಲ್ಲಿ ಅರ್ಧ ಸುಳ್ಳು. ಇನ್ನರ್ಧ ಉಪ್ಪಿನಕಾಯಿ.

ನಮ್ಮ ಚಿಕ್ಕಪ್ಪ ಅಮೆರಿಕಕ್ಕೆ ಹೋದದ್ದು 1968ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ ಆ ದೇಶದವರು ವಲಸೆಯ ಕಾನೂನು ಬದಲಾಯಿಸಿ, ನಮ್ಮ ಕಡೆಯ ಇಂಜಿನಿಯರು ಡಾಕ್ಟರುಗಳಿಗೆ ಬಾಗಿಲು ತೆರೆದಿದ್ದರು. ಅವರು ಬಾಗಿಲು ತೆರೆದರೂ ನಮ್ಮ ಸರ್ಕಾರ ಜೇಬು ಹೊಲಿದಿತ್ತು. ಓದಲು ಹೋಗುವ ಹುಡುಗ ಕೈಯಲ್ಲಿ ಹಿಡಿದು ಹೋಗಲು ಸಿಗುತ್ತಿದ್ದದ್ದು 8 ಡಾಲರ್. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ ಏಳೂವರೆ ಮಾಡಿದ್ದರಲ್ಲ, ಆ ಲೆಕ್ಕದಲ್ಲಿ ಸರಿಯಾಗಿ 60 ರೂಪಾಯಿ. ಹಾಸನದ ಕಡೆಯ ಹುಡುಗ ಅಷ್ಟನ್ನು ಹಿಡಿದು ಮಿಷಿಗನ್ ಸೇರಿಕೊಂಡ. ಸೇರಿದ ಮೇಲೆ ಬರೆದ ಮೊದಲ ಕಾಗದದಲ್ಲಿ, ತೀರ್ಥರೂಪು ತಂದೆಯವರ ಚರಣಾರವಿಂದಗಳಿಗೆ ಸಾಷ್ಟಾಂಗ ಹೊಡೆದಾದ ಮೇಲೆ ಹೇಳಿದ್ದು ಇಷ್ಟೇ: "ಇಲ್ಲಿ ಎಲ್ಲಾ ಅನುಕೂಲವಾಗಿದೆ. ಖರ್ಚು ಏನೂ ಇಲ್ಲ." ಖರ್ಚು ಮಾಡಲು ಏನೂ ಇರಲಿಲ್ಲ ಅನ್ನುವುದನ್ನು ಎಷ್ಟು ಗೌರವವಾಗಿ ಹೇಳಿದ್ದಾರೆ ನೋಡಿ!

ಈ ಕಾಗದಗಳೆಲ್ಲ ನಮ್ಮ ಮನೆಯ ಅಟ್ಟದ ಮೇಲೆ, ಆ ಕಾಲದವರು ಕಾಗದ ಚುಚ್ಚಿಡುತ್ತಿದ್ದ ಕೊಕ್ಕೆಯ ತಂತಿಯಲ್ಲಿ, ಹಾಲಿನ ಲೆಕ್ಕ, ಕಂದಾಯದ ರಸೀತಿಗಳ ನಡುವೆ ಸಿಕ್ಕಿಕೊಂಡಿದ್ದವು. ಅವಿದ್ದವೆಂದು ನಮಗೆ ಮೊದಲಿಂದಲೂ ಗೊತ್ತು. ಓದುವ ಆತುರ ಯಾರಿಗೂ ಇರಲಿಲ್ಲ. ಹೋದ ಚಳಿಗಾಲದಲ್ಲಿ ಚಿಕ್ಕಪ್ಪ ಅಲ್ಲಿನ ಮನೆ ಮಾರಿ ಮಗನ ಮನೆ ಸೇರಿ, ಇಬ್ಬರೂ ಊರಿಗೆ ಬಂದಾಗ ಚಿಕ್ಕಮ್ಮ ಒಂದು ಗಂಟು ತಂದು ಅಮ್ಮನ ಮುಂದೆ ಇಟ್ಟರು. ಅಜ್ಜಿ ಬರೆದ ಕಾಗದಗಳು! ಇಲ್ಲಿಂದ ಹೋದವು ಅಲ್ಲಿಂದ ವಾಪಸು, ಅಲ್ಲಿಂದ ಬಂದವು ಅಟ್ಟದಿಂದ ಕೆಳಗೆ. ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ ಇದ್ದದ್ದು ಮೊದಲ ಸಲ ಒಂದೇ ನೆಲದ ಮೇಲೆ ಕೂತವು.

ಅವನ್ನು ತಾರೀಖಿನ ಪ್ರಕಾರ ಜೋಡಿಸಲು ಕೂತಾಗಲೇ ಮೊದಲ ಜಗಳ. ಅಜ್ಜಿಯದು ಸುಲಭ. "ಸೌಮ್ಯ ಸಂವತ್ಸರದ ಆಷಾಢ" ಅಂತ ಬರೆದಿದ್ದರೆ ಅದು 1969, ಅನುಮಾನವೇ ಇಲ್ಲ, ಮುಂದಿನ ಸೌಮ್ಯ ಬರಲು ಅರವತ್ತು ವರ್ಷ ಬೇಕು. ಕಷ್ಟ ಕೊಟ್ಟದ್ದು ಚಿಕ್ಕಪ್ಪನ ತಾರೀಖು. 7-8-71 ಅಂದರೆ ಆಗಸ್ಟ್ ಏಳೋ ಜುಲೈ ಎಂಟೋ? ಹೋದ ಹೊಸದರಲ್ಲಿ ನಮ್ಮ ಹಾಗೆ ದಿನ ಮೊದಲು ಬರೆಯುತ್ತಿದ್ದವರು, ಯಾವಾಗಲೋ ಆ ದೇಶದವರ ಹಾಗೆ ತಿಂಗಳು ಮೊದಲು ಬರೆಯತೊಡಗಿದ್ದಾರೆ. ಯಾವಾಗ ಅಂತ ಅವರಿಗೇ ಗೊತ್ತಿಲ್ಲ. ಪಾಸ್‌ಪೋರ್ಟಿನ ಬಣ್ಣ ಬದಲಾದದ್ದು ಬಹಳ ಆಮೇಲೆ. ಮನುಷ್ಯ ಅಮೆರಿಕದವನಾದದ್ದು ಆ ತಾರೀಖಿನ ಹತ್ತಿರ ಎಲ್ಲೋ. ಹಾಗಂತ ಊರನ್ನು ಬಿಟ್ಟರೆ? 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಎಷ್ಟೋ ವರ್ಷದ ಮೇಲೂ ವಿಳಾಸದಲ್ಲಿ "ಮೈಸೂರು ರಾಜ್ಯ" ಅಂತಲೇ ಬರೆಯುತ್ತಿದ್ದರು. ಪಿನ್ ಕೋಡ್ ಅಂತೂ ಮುಟ್ಟಲೇ ಇಲ್ಲ. ನಮ್ಮ ಪೋಸ್ಟ್‌ಮ್ಯಾನ್ ಪುಣ್ಯಾತ್ಮ, ಮನೆಯ ಹೆಸರು ನೋಡಿ ತಂದುಕೊಡುತ್ತಿದ್ದ.

ಬರೆಯುತ್ತಿದ್ದದ್ದು ಏರೋಗ್ರಾಮಿನಲ್ಲಿ. ಈಗಿನ ಮಕ್ಕಳಿಗೆ ಹೇಳಬೇಕೆಂದರೆ, ತೆಳ್ಳಗಿನ ನೀಲಿ ಹಾಳೆ, ಬರೆದು ಮಡಿಚಿ ಅಂಟಿಸಿದರೆ ಅದೇ ಲಕೋಟೆ, ಅಂಚೆಚೀಟಿ ಅದರ ಮೇಲೇ ಅಚ್ಚಾಗಿರುತ್ತಿತ್ತು. ಒಳಗೆ ಏನೂ ಇಡಕೂಡದು ಅಂತ ನಿಯಮ. ಅಜ್ಜಿಗೆ ಆ ನಿಯಮ ಯಾವ ಲೆಕ್ಕ? ಪ್ರತಿ ಕಾಗದದಲ್ಲೂ ಮಂತ್ರಾಕ್ಷತೆ. ಭಾರತ ಸರ್ಕಾರವೂ ಅಮೆರಿಕ ಸರ್ಕಾರವೂ ಸೇರಿ ನಮ್ಮ ಅಜ್ಜಿಯ ನಾಲ್ಕು ಅಕ್ಕಿ ಕಾಳನ್ನು ತಡೆಯಲಾಗಲಿಲ್ಲ. ಅರಿಸಿನದ ಕಲೆ ಈಗಲೂ ಇದೆ, ಜೋಡಿಸುವಾಗ ನನ್ನ ಬೆರಳಿಗೂ ಹತ್ತಿತು.

ಅಜ್ಜಿಯ ಶೈಲಿ ಕೇಳಿ: "ನಾವೆಲ್ಲ ಕ್ಷೇಮ. ನಿಮ್ಮ ತಂದೆಗೆ ಹದಿನೈದು ದಿನದಿಂದ ಜ್ವರ. ಗೌರಿ ಕರು ಹಾಕಿತು, ಹೆಣ್ಣು. ಪಕ್ಕದ ಮನೆಯವರು ನಮ್ಮ ಹಿತ್ತಲ ಬೇಲಿ ಒಂದು ಮೊಳ ಒಳಗೆ ತಂದಿದ್ದಾರೆ, ನೀನು ಯೋಚನೆ ಮಾಡಬೇಡ." ಡೆಟ್ರಾಯಿಟಿನ ಕಾರ್ಖಾನೆಯಲ್ಲಿ ಕೂತು ಅವರು ಬೇಲಿಯ ಯೋಚನೆ ಮಾಡಿ ಏನು ಮಾಡುತ್ತಿದ್ದರೋ! ಆದರೆ ಮಾಡಿದ್ದಾರೆ. ಮುಂದಿನ ಕಾಗದದಲ್ಲಿ ಮುಕ್ಕಾಲು ಪಾಲು ಬೇಲಿ, ಕಾಲು ಪಾಲು ಕರುವಿಗೆ ಇಡಬೇಕಾದ ಹೆಸರು. ಕಾಗದ ಹೋಗಿ ಬರಲು ತಿಂಗಳಾಗುತ್ತಿತ್ತು. ಹೆಸರು ಬಂದು ಸೇರುವ ಹೊತ್ತಿಗೆ ಕರುವಿಗೆ ಬೇರೆ ಹೆಸರಿಟ್ಟಾಗಿತ್ತು, ಬೇಲಿಯವರ ಮನೆಯಲ್ಲಿ ನಾಮಕರಣದ ಊಟ ಮಾಡಿ ಬಂದಾಗಿತ್ತು. ಪಾಪ ಚಿಕ್ಕಪ್ಪ, ಆಮೇಲೂ ಎರಡು ಕಾಗದದಲ್ಲಿ ಒಬ್ಬರೇ ಬೇಲಿಯ ಜಗಳ ಮುಂದುವರಿಸಿದ್ದಾರೆ.

ಅದೇ ಸೌಮ್ಯ ಸಂವತ್ಸರದ ಆಷಾಢದಲ್ಲೇ ಮನುಷ್ಯ ಚಂದ್ರನ ಮೇಲೆ ಇಳಿದದ್ದು. ಅಜ್ಜಿ ಆ ವಿಷಯಕ್ಕೆ ಕೊಟ್ಟದ್ದು ಒಂದೇ ಸಾಲು: "ನಿಮ್ಮ ಊರಿನವರು ಚಂದ್ರನ ಮೇಲೆ ಹೋದರಂತೆ, ನೀನು ಅಂಥ ಕೆಲಸಕ್ಕೆಲ್ಲ ಸೇರಬೇಡ." ಅದಾದ ಮೇಲೆ ಮಾವಿನಕಾಯಿ ಉಪ್ಪಿನಕಾಯಿಗೆ ಈ ಸಲ ಬೂಸಲು ಬಂದ ಕಥೆ ಅರ್ಧ ಪುಟ. ನನ್ನನ್ನು ಕೇಳಿದರೆ ಅಜ್ಜಿ ಮಾಡಿದ್ದೇ ಸರಿ. ಚಂದ್ರನ ಸುದ್ದಿ ಜಗತ್ತಿನ ಎಲ್ಲ ಪೇಪರಿನಲ್ಲೂ ಇತ್ತು. ನಮ್ಮನೆ ಭರಣಿಯ ಬೂಸಲಿನ ಸುದ್ದಿ ಬೇರೆ ಯಾರು ಬರೆಯುತ್ತಿದ್ದರು?

ಸುಳ್ಳು ಹೇಳುತ್ತಿದ್ದದ್ದು ಪರದೇಶದ ಕಡೆಯವರು. ಊರಿನವರು ಜ್ವರ, ಸಾಲ, ಜಗಳ ಎಲ್ಲ ಒದರುತ್ತಿದ್ದರು. ಪರದೇಶದವರು ಮಾತ್ರ ಸದಾ ಸೌಖ್ಯ. 1978ರ ಜನವರಿ ಕೊನೆಯಲ್ಲಿ ಮಿಷಿಗನ್, ಒಹಾಯೊ, ಇಂಡಿಯಾನಾಗಳನ್ನೆಲ್ಲ ಹೂತುಹಾಕಿದ ಹಿಮದ ಬಿರುಗಾಳಿ ಅಲ್ಲಿನವರಿಗೆ ಇವತ್ತಿಗೂ ಒಂದು ದಂತಕಥೆ. ಆ ವಾರ ಚಿಕ್ಕಪ್ಪ ಬರೆದದ್ದು: "ಇಲ್ಲಿ ಸ್ವಲ್ಪ ಚಳಿ. ಉಳಿದಂತೆ ಕ್ಷೇಮ." ಅದೇ ಹಾಳೆಯ ಮಡಿಕೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಚಿಕ್ಕಮ್ಮ ತಮ್ಮ ವಾರಗಿತ್ತಿಗೆ ಅಂದರೆ ನಮ್ಮಮ್ಮನಿಗೆ: "ಅಕ್ಕಾ, ಬಾಗಿಲು ತೆಗೆದರೆ ಬಾಗಿಲಷ್ಟೇ ಎತ್ತರ ಹಿಮ. ಮೂರು ದಿನ ಕ್ರೀಮ್ ಆಫ್ ವೀಟಿನ ಉಪ್ಪಿಟ್ಟೇ ಗತಿ. ಮಾವನವರಿಗೆ ಹೇಳಬೇಡಿ." ಇತಿಹಾಸ ಬರೆಯುವವರು ಗಂಡಸರ ಭಾಗ ಬಿಟ್ಟು ಹೆಂಗಸರು ಬರೆದ ಅಂಚುಗಳನ್ನೇ ಓದುವುದು ಒಳ್ಳೆಯದು.

ಈಗ ನಮ್ಮ ಮನೆಯ ದೊಡ್ಡ ರಹಸ್ಯಕ್ಕೆ ಬರುತ್ತೇನೆ. ಇನ್ನೊಂದು ಕಾಗದದ ಮಡಿಕೆಯಲ್ಲಿ ಚಿಕ್ಕಮ್ಮ ಹೀಗೆ ಬರೆದಿದ್ದಾರೆ: "ಅಕ್ಕಾ, ನಿಮ್ಮ ಹತ್ತಿರ ಮಾತ್ರ ಹೇಳ್ತಿದ್ದೀನಿ, ಯಾರಿಗೂ ಗೊತ್ತಾಗಬಾರದು, ನಿಮ್ಮ ಮೈದುನ ಮೊನ್ನೆ ರಾತ್ರಿ..." ಅಲ್ಲಿಗೆ ತೂತು. ತೂತಿನ ಆಚೆ ದಡದಲ್ಲಿ "ತೊಳೆದು ಒಣಹಾಕಿದೆ." ಅಷ್ಟೇ! ನಮ್ಮಣ್ಣ ಆಗ ಅಂಚೆಚೀಟಿ ಕೂಡಿಸುವ ಹುಡುಗ. ಏರೋಗ್ರಾಮಿನ ಚೀಟಿ ಕಿತ್ತರೆ ಬರುವುದಿಲ್ಲ ಅಂತ ಕತ್ತರಿಯಲ್ಲಿ ಚೌಕವಾಗಿ ಕತ್ತರಿಸಿದ್ದಾನೆ. ಆಲ್ಬಮ್ ಇನ್ನೂ ಇದೆ. ಚೀಟಿಯೂ ಇದೆ. ಆದರೆ ಮಹಾರಾಯ ಅದನ್ನು ಮೈದಾ ಅಂಟಿನಲ್ಲಿ ಮೆತ್ತಿದ್ದಾನೆ, ಕಿತ್ತರೆ ಅಕ್ಷರ ಹಾಳೆಗೇ ಉಳಿಯುತ್ತದೆ. ಅಮ್ಮನನ್ನು ಕೇಳಿದರೆ "ನಾನು ಓದೋ ಹೊತ್ತಿಗೇ ಕತ್ತರಿಸಿಬಿಟ್ಟಿದ್ದ" ಅನ್ನುತ್ತಾರೆ. ಚಿಕ್ಕಮ್ಮನಿಗೆ ನೆನಪಿಲ್ಲ. ಚಿಕ್ಕಪ್ಪ ಮಾತ್ರ ಕಾಗದ ನೋಡಿದ ಕೂಡಲೇ ಎದ್ದು ವಾಕಿಂಗ್ ಹೋದರು. ಅವರಿಗೆ ನೆನಪಿದೆ.

ಟ್ರಂಕ್ ಕಾಲ್ ಇರಲಿಲ್ಲವೇ ಅಂದರೆ ಇತ್ತು. ಬುಕ್ ಮಾಡಿ ಅರ್ಧ ದಿನ ಕಾದು, ಸಿಕ್ಕ ಮೂರು ನಿಮಿಷದಲ್ಲಿ "ಕೇಳಿಸ್ತಾ ಇದೆಯಾ?" ಅಂತ ಇಲ್ಲಿಂದ, "ಕೇಳಿಸ್ತಿದೆ, ನಿಮಗೆ?" ಅಂತ ಅಲ್ಲಿಂದ ಕೂಗಿ ಮುಗಿಸುವುದು. ಇದಕ್ಕಿಂತ ಕುಂದಾಪುರದ ನನ್ನ ಗೆಳತಿಯ ಮನೆಯವರು ಜಾಣರು. ಕರಾವಳಿಯ ಹುಡುಗರು ಎಪ್ಪತ್ತರ ದಶಕದಲ್ಲಿ ಗಲ್ಫ್ ದಾರಿ ಹಿಡಿದರಲ್ಲ, ಆಗ ಇವರ ದೊಡ್ಡಣ್ಣ ದುಬೈಗೆ ಹೋದವರು ಕಾಗದ ಬರೆಯುವ ಗೋಜಿಗೇ ಹೋಗಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಎ ಸೈಡ್ ಮನೆಮಂದಿಗೆಲ್ಲ, ಬಿ ಸೈಡ್ ಹೆಂಡತಿಗೆ ಮಾತ್ರ. ಜಗಲಿಯಲ್ಲಿ ಇಡೀ ಮನೆ ಕೂತು ಕೇಳುತ್ತಿರುವಾಗ ಎ ಸೈಡ್ ಮುಗಿಯಿತು, ಉಪಕಾರ ಮಾಡುವ ಬುದ್ಧಿಯ ತಮ್ಮ ಒಬ್ಬ ಟಕ್ಕೆಂದು ತಿರುಗಿಸಿ ಹಾಕಿದ. ಅತ್ತಿಗೆ ಆ ಸಂಜೆ ಬಾವಿಕಟ್ಟೆಯಿಂದ ಒಳಗೆ ಬರಲಿಲ್ಲವಂತೆ. ಅದೇ ಕ್ಯಾಸೆಟ್ಟಿನ ಮೇಲೆ ಮುಂದೆ ಯಾರೋ ಯಕ್ಷಗಾನ ತುಂಬಿದರು. ಈಗ ಹಾಕಿದರೆ ಭಾಗವತರ ಪದ್ಯ ನಿಂತಲ್ಲಿ ದೊಡ್ಡಣ್ಣ ಕೆಮ್ಮುತ್ತಾರೆ, "ಅಮ್ಮಾ, ಇಲ್ಲಿ ಮೀನು ಒಳ್ಳೆಯದಿಲ್ಲ" ಅನ್ನುತ್ತಾರೆ, ಮತ್ತೆ ಚೆಂಡೆ.

ನಗು ಬಾರದ ಕಾಗದವೂ ಒಂದಿದೆ. ಅಜ್ಜ ಹೋದ ಸುದ್ದಿ ಚಿಕ್ಕಪ್ಪನಿಗೆ ತಂತಿಯಲ್ಲಿ ಹೋಯಿತು. ಬರಲು ಆಗಲಿಲ್ಲ, ಆಗಿನ ವಿಮಾನದ ದರದಲ್ಲಿ ಎಷ್ಟು ಜನರಿಗೆ ಬರಲಾಗುತ್ತಿತ್ತು? ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಕಾಗದ ಬಂತು. ಸಾಷ್ಟಾಂಗ ನಮಸ್ಕಾರದ ಸಾಲು ಯಾರ ಹೆಸರಿಗೆ ಬರೆಯಬೇಕೋ ತಿಳಿಯದೆ ಮೇಲಿನ ಭಾಗ ಖಾಲಿ ಬಿಟ್ಟಿದ್ದಾರೆ. ಆ ತಂತಿ ಸೇವೆ 2013ರ ಜುಲೈನಲ್ಲಿ ನಿಂತಾಗ ಪೇಪರಿನವರೆಲ್ಲ ಕಣ್ಣೀರು ಹಾಕಿದರು. ನಮ್ಮ ಮನೆಯಲ್ಲಿ ಯಾರೂ ಹಾಕಲಿಲ್ಲ.

ಹಾಗಾಗಿ ವಾಟ್ಸಾಪನ್ನು ನಾನು ಬೈಯುವುದಿಲ್ಲ. ಮಗ ಕೆಮ್ಮಿದರೆ ಆ ಕ್ಷಣವೇ ಗೊತ್ತಾಗುವುದು ಸಣ್ಣ ಮಾತಲ್ಲ. ನನ್ನ ತಕರಾರು ಒಂದೇ, ಗುಂಪಿನಲ್ಲಿ ಈಗ ಬೂಸಲಿನ ಸುದ್ದಿ ಬರುತ್ತಿಲ್ಲ. ಪ್ರಮೋಷನ್, ಹೊಸ ಕಾರು, ಪ್ರವಾಸ, ಎಲ್ಲ ಚಂದ್ರನ ಮೇಲೆ ಇಳಿದ ಸುದ್ದಿಗಳೇ. ಹಿಂದೆ ಚಿಕ್ಕಪ್ಪ ಒಬ್ಬರೇ "ಸೌಖ್ಯ" ಅಂತ ಸುಳ್ಳು ಬರೆಯುತ್ತಿದ್ದರು. ಈಗ ಎರಡೂ ಕಡೆಯವರೂ ಬರೆಯುತ್ತೇವೆ, ಮಡಿಕೆಯಲ್ಲಿ ನಿಜ ಬರೆಯುವ ಚಿಕ್ಕಮ್ಮ ಇಲ್ಲ. ಮೊನ್ನೆ ಪ್ರಯೋಗಕ್ಕೆಂದು "ನಮ್ಮನೆ ನಿಂಬೆ ಉಪ್ಪಿನಕಾಯಿ ಕೆಟ್ಟಿತು, ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದೇವೆ" ಅಂತ ಹಾಕಿದೆ. ಡಲ್ಲಾಸಿನ ಹುಡುಗ, ಅಲ್ಲಿ ನಡುರಾತ್ರಿ, ಫೋನೇ ಮಾಡಿಬಿಟ್ಟ: "ಅತ್ತೆ, ಏನಾಯ್ತು?" ಒಂದು ಗಂಟೆ ಮಾತಾಡಿದ. ಕೆಲಸ ಹೋಗಿ ಎರಡು ತಿಂಗಳಾಗಿದೆಯಂತೆ. ಹೆಜ್ಜೆ ಎಣಿಕೆ ಅಷ್ಟು ಏರಿದ್ದು ಅದಕ್ಕೇ.

ನಿಮ್ಮ ಅಟ್ಟದಲ್ಲೂ ನೀಲಿ ಹಾಳೆಗಳಿದ್ದರೆ ಒಂದು ಮಾತು. ಫೋಟೋ ತೆಗೆದು ಗುಂಪಿಗೆ ಹಾಕಬೇಡಿ, ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ, ಓದುವವರು ಯಾರೂ ಇರುವುದಿಲ್ಲ. ಬರೆದವರೋ ಓದಿದವರೋ ಮನೆಯಲ್ಲಿ ಇನ್ನೂ ಇದ್ದರೆ ಅವರ ಎದುರು ಕೂತು ಗಟ್ಟಿಯಾಗಿ ಓದಿ. ಆ ಕಾಲದಲ್ಲಿ ಎಲ್ಲರೂ ಪುಟ್ಟಿ, ಪಾಪು, ಮಗು, ದೊಡ್ಡೋನು. "ಪುಟ್ಟಿಗೆ ಈಗ ವಾಸಿ" ಅಂತ ಅಜ್ಜಿ ಬರೆದ ಪುಟ್ಟಿ ಯಾರು, ಅವಳಿಗೆ ಏನಾಗಿತ್ತು ಅಂತ ನಮ್ಮಲ್ಲಿ ಹೇಳುವವರು ಯಾರೂ ಉಳಿದಿಲ್ಲ. ನಿಮ್ಮ ಮನೆಯ ಪುಟ್ಟಿ ಯಾರು ಅಂತ ಈ ಭಾನುವಾರವೇ ಕೇಳಿ, ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ.